ತಾತನಿಗೆ ಹರಳೆಣ್ಣೆ

“ಮೂಗು ಮುಚ್ಕೊಂಡು ಗಟಕ್ಕಂತ ಕುಡುದ್ಬುಡು ತಾತ!”

ಹರಳೆಣ್ಣೆಯ ಲೋಟ ಹಿಡಿದು ನಿಂತು ನಿಂತು ಮಲ್ಲಿಯ ಕೈ ನೋಯುತ್ತಿತ್ತು. ಜಗಲಿಯ ಮೇಲೆ ಕೂತಿದ್ದ ತಾತ ನಿಂಗಯ್ಯ ಲೋಟದ ಕಡೆ ತಿರುಗಿಯೂ ನೋಡಲಿಲ್ಲ.

“ಇದು ಬ್ಯಾಡ ಕಣವ್ವ, ಗಂಟ್ಲಿಗೆ ಅಂಟ್ಕೊತದೆ. ಭೇದಿ ಉಪ್ಪೇ ವಾಸಿ.”

“ಮಧ್ಯಾಹ್ನ ಅಜ್ಜಿ ಉಪ್ಪು ಕಲಸ್ಕೊಂಡು ಬಂದ್ರೆ, ಕಹಿ, ಅಳ್ಳೆಣ್ಣೇನೇ ವಾಸಿ ಅಂದೆ!”

“ಅಂದ್ನಾ?”

“ಅಂದೆ ಕಣ್ ತಾತ! ಎಲ್ಡೂ ಬ್ಯಾಡ್ವಾ? ಆಸ್ಪತ್ರೇಲಿ ಎನಿಮಾ ಹಾಕುಸ್ಕೊ.”

“ಥೂ! ಈ ವಯಸ್ನಲ್ಲಿ ಹಿಂದ್ಗಡೆಯಿಂದ ನೀರು ಬುಡುಸ್ಕೊಳ್ಳಾ? ಮಾನ ಓಯ್ತದೆ ಕಣಮ್ಮಿ.”

ತಾತನ ಹೊಟ್ಟೆ ಕೆಟ್ಟು ತಿಂಗಳುಗಳಾಗಿದ್ದವು. ಕಕ್ಕಸಿಗೆ ಹೋದರೆ ರಕ್ತ ಬೀಳುತ್ತಿತ್ತು. ಕರುಳಿನ ಎಕ್ಸ್‌ರೇ ಫೋಟೊ ತೆಗೆಯಬೇಕು, ಅದಕ್ಕೆ ಮೊದಲು ಕರುಳು ಖಾಲಿಯಾಗಬೇಕು ಎಂದಿದ್ದರು ಮಂಡ್ಯದ ಡಾಕ್ಟರು. ಹರಳೆಣ್ಣೆಯೋ, ಭೇದಿ ಉಪ್ಪೋ, ಎನಿಮಾವೋ, ನಿಮಗೆ ಒಗ್ಗುವುದನ್ನು ಆರಿಸಿಕೊಳ್ಳಿ ಎಂದದ್ದೇ ತಪ್ಪಾಯಿತು.

ಕಳೆದ ವಾರ ಒಮ್ಮೆ ಹೋಗಿ ಬಂದದ್ದೂ ಆಗಿತ್ತು. ತಾತನ ಜೊತೆ ಅವ್ವ, ಅವ್ವನ ಜೊತೆ ಹಾಲು ಕುಡಿಯುವ ತಮ್ಮ, ತಮ್ಮನನ್ನು ಎತ್ತಿಕೊಳ್ಳಲು ಮಲ್ಲಿ. ಅದೇ ದಿನ ಅವಳ ಕ್ಲಾಸಿನವರೆಲ್ಲ ಮುತ್ತತ್ತಿಗೆ ಟೂರ್ ಹೋಗಿ ಹೊಳೆಯಲ್ಲಿ ಆಡಿ ಬಂದರು. ಮಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ತಮ್ಮನ ಉಚ್ಚೆ ಒರೆಸುತ್ತಾ ಕೂತಿದ್ದಳು. ಕೊನೆಗೆ ಡಾಕ್ಟರು, “ಕರುಳು ಖಾಲಿಯಾಗೇ ಇಲ್ಲವಲ್ಲಪ್ಪ, ಏನೂ ಕಾಣ್ತಿಲ್ಲ. ಇನ್ನೊಂದ್ಸಲ ಬನ್ನಿ” ಅಂದರು.

ಭೇದಿ ಉಪ್ಪು ಕುಡಿದ ಮೇಲೂ ತಾತ ಹಿಂದಿನ ರಾತ್ರಿ ಕದ್ದು ಒಂದು ಮುದ್ದೆ ನುಂಗಿದ್ದ! ನೆನೆದರೆ ಮಲ್ಲಿಗೆ ಈಗಲೂ ಮೈ ಉರಿಯುತ್ತಿತ್ತು. ನಾಳೆ ಮೊದಲ ಬಸ್ಸಿಗೆ ಮತ್ತೆ ಹೊರಡಬೇಕು.

ಬೇಸಿಗೆ ರಜೆಯಲ್ಲಿ ಮಕ್ಕಳನ್ನೆಲ್ಲ ಇದೇ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದವನು ಇದೇ ತಾತ. ಅತ್ತರೂ ಬಿಡುತ್ತಿರಲಿಲ್ಲ. ಅಜ್ಜಿ ಲೋಟ ಬಾಯಿಗಿಟ್ಟರೆ, ತಾತ ಒಂದು ಕೈಯಲ್ಲಿ ಮಲ್ಲಿಯ ಮೂಗು, ಇನ್ನೊಂದರಲ್ಲಿ ಅವಳ ಕೈ ಹಿಡಿದು, “ನಾನಿವ್ನಿ, ಕುಡಿ” ಅನ್ನುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಚೌಡಯ್ಯ ಬಂದ. ಹೋದ ವರ್ಷ ಅವನಿಗೂ ಇಂಥದೇ ಫೋಟೊ ತೆಗೆದಿದ್ದರು. ತಾತ ಮೆಲ್ಲಗೆ ಕೇಳಿದ:

“ಚೌಡ, ಈ ಮೂರ್ರಲ್ಲಿ ಯಾವ್ದುಲಾ ಕಮ್ಮಿ ತೊಳಿಯೋದು?”

“ಕಮ್ಮೀನಾ? ಜಾಸ್ತಿ ತೊಳಿಯೋದು ಯಾವ್ದು ಅಂತ ಕೇಳ್ಲಾ! ಸರ್ಯಾಗಿ ತೊಳೀದಿದ್ರೆ ಫೋಟೊದಾಗೆ ಏನೂ ಕಾಣಾಕಿಲ್ಲ.”

“ಗೊತ್ತು,” ಅಂದ ತಾತ.

ಚೌಡಯ್ಯ ನಗುತ್ತಾ ಹೋದ. ಮಲ್ಲಿಗೆ ನಗು ಬರಲಿಲ್ಲ. ಗೊತ್ತಾ? ಗೊತ್ತಿದ್ದೇ ಆ ಮುದ್ದೆ ತಿಂದನಾ?

ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದಳು. ತಾತ ಟವೆಲಿನ ತುದಿಯನ್ನು ಹಿಂಡುತ್ತಾ ಕೂತಿದ್ದ.

“ಏನಾರ ಕಂಡ್ಬುಟ್ರೆ ಏನ್ಮಾಡದು ಮಲ್ಲಿ?”

ಮಲ್ಲಿ ತಾತನ ಪಕ್ಕ ಕೂತಳು. ಲೋಟವನ್ನು ಅವನ ಒಂದು ಕೈಗೆ ಕೊಟ್ಟು, ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಾನಿವ್ನಿ, ಕುಡಿ.”

ತಾತ ಅವಳ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಲೋಟ ಎತ್ತಿ, ಒಂದೇ ಸಲಕ್ಕೆ ಕುಡಿದ.

“ಅಯ್ಯೋ ಥೂ! ಎಳೆ ಮಕ್ಳಿಗೆ ಇಂಥದ್ನ ಕುಡುಸ್ತಿದ್ನಾ?”

“ಕುಡುಸ್ತಿದ್ದೆ!”

ಒಳಗಿನಿಂದ ಅಜ್ಜಿ ಕೂಗಿದಳು: “ಮಲ್ಲೀ, ಮುದ್ದೆ ಆರೋಯ್ತದೆ, ಉಣ್ಣು ಬಾ!”

ಹುರುಳಿ ಸಾರಿನ ವಾಸನೆ ಜಗಲಿಯವರೆಗೂ ಬರುತ್ತಿತ್ತು. ತಾತ ಬೀದಿಯ ಕಡೆ ಮುಖ ತಿರುಗಿಸಿದ. ಮಲ್ಲಿಯ ಹೊಟ್ಟೆ ಚುರುಗುಟ್ಟುತ್ತಿತ್ತು.

“ಆಮ್ಯಾಕೆ ಉಣ್ತೀನಿ ಅಜ್ಜಿ,” ಅಂದಳು, ಕೈ ಬಿಡದೆ.

ಊರೆಲ್ಲ ಮಲಗುವ ಹೊತ್ತಿಗೆ ತಾತ ದಡಬಡಿಸಿ ಎದ್ದು ಹಿತ್ತಲಿಗೆ ಓಡಿದ.

“ನಿಧಾನ ತಾತ, ಬಿದ್ದೀಯ!” ಎಂದು ಗದರುತ್ತಾ, ಚೊಂಬಿಗೆ ನೀರು ತುಂಬಿಕೊಂಡು ಮಲ್ಲಿ ಹಿಂದೆಯೇ ಹೋದಳು.