ಅಲಮಾರಿ ಬಾಗಿಲಿನ ಮೂರು ನೆಗ್ಗು

"ಯಾರನ್ನ ಕೇಳಿ ಇದಕ್ಕ ಕೈ ಹಚ್ಚಿದಿ? ಬೊಗಳೋ!"

ಶರ್ವರಿ ಎಸೆದ ಬಣ್ಣದ ಡಬ್ಬಿ ಚಂದ್ರಾಮನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು.

"ಚಲೋ ಕಾಣ್ಲಿ ಅಂತ ಮಾಡೇನ್ರಿ... ಅಲ್ಲಲ್ಲಿ ನೆಗ್ಗಿತ್ತಲ್ರಿ."

"ಆ ನೆಗ್ಗು ಹಂಗ ಇರ್ಲಿ ಅಂತನ ತಂದಿದ್ದೆ! ನಿಲ್ಲಿಸಾಕ ಎರಡು ಕಾಲು ಬೆಸಿ ಅಂದ್ರ, ಮಾರಿನೇ ಅಳಿಸಿಬಿಟ್ಟಿಯಲ್ಲೋ!"

ಮಿಯಾಪುರದ ಆ ಶೆಡ್ಡಿನಲ್ಲಿ ಗುದ್ದಿಸಿಕೊಂಡ ಕಾರುಗಳನ್ನು ಸರಿಮಾಡುವುದೇ ಚಂದ್ರಾಮನ ಕಸುಬು. ಅವನ ಮುಂದೆ ಕಬ್ಬಿಣದ ಅಲಮಾರಿಯ ಬಾಗಿಲೊಂದು ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡು ದಿನ ಉಣ್ಣುವುದನ್ನೂ ಮರೆತು ನುಣುಪು ಮಾಡಿದ್ದ. ಯಾಕೆ? ಅವಳು ನಗಲಿ ಎಂದು!

ಶರ್ವರಿ ಪಟಾನ್‌ಚೆರುವಿನಲ್ಲಿ ಔಷಧಿ ಬಾಟಲಿಗಳ ಲೇಬಲ್ ವಿನ್ಯಾಸ ಮಾಡುವವಳು. ಹೋದ ವರ್ಷ ಸುಮ್ಮನೆ ಒಂದು ಕಲಾ ಪ್ರದರ್ಶನಕ್ಕೆ ಹೊಕ್ಕಿದ್ದಳು. ಅಲ್ಲಿ ಗೋಡೆಯ ಮೇಲೆ ಮೂಸಿ ನದಿಯ ನೆರೆಯಲ್ಲಿ ನೆನೆದ ಹಾಸಿಗೆ ತೂಗುಹಾಕಿದ್ದರು, ಕೆಸರಿನ ಗೆರೆಯ ಸಮೇತ.

'ಇದೂ ಕಲೆಯೇ?' ಎಂದು ನಕ್ಕವಳು ಒಂದು ತಾಸು ಅಲುಗದೆ ನಿಂತಳು. 'ಹಾಗಾದರೆ ನನ್ನ ಬಾಗಿಲೂ ಮಾತಾಡಬಹುದಲ್ಲ...!'

ಈ ಭಾನುವಾರ ಆ ಪ್ರದರ್ಶನ ನಡೆದ ಸಭಾಂಗಣದಲ್ಲೇ ಬಾಗಿಲು ನಿಲ್ಲಿಸಲು ಅವಳಿಗೆ ಜಾಗ ಸಿಕ್ಕಿತ್ತು.

"ಬಾಗಿಲು ಸಾಗಿಸುವಾಗ ಬಿದ್ದಿರಬೇಕು ಅಂದ್ಕೊಂಡೆನ್ರಿ..."

"ಬಿದ್ದದ್ದು ನಾನು!" ಅವಳು ಬಾಗಿಲಿಗೆ ಬೆರಳು ಕುಟ್ಟಿದಳು. "ಇಲ್ಲಿ ನನ್ನ ಭುಜ. ಇಲ್ಲಿ ನನ್ನ ತಲಿ. ಇಲ್ಲಿ... ನಾ ತಪ್ಪಿಸಿಕೊಂಡಾಗ ಬಿದ್ದ ನನ್ನ ಗಂಡ ನಿಶಾಂತನ ಮುಷ್ಟಿ! ಕೋರ್ಟಿನಾಗ ಸಾಕ್ಷಿ ಎಲ್ಲಿ ಅಂದ್ರು. ಇದೊಂದೇ ಇತ್ತು. ಇದರ ಬಾಯಿನೂ ಮುಚ್ಚಿದಿ!"

ಚಂದ್ರಾಮನ ಮುಖ ಬಿಳಿಚಿತು. ಸುತ್ತಿಗೆ ಅವಳ ಕೈಗಿಟ್ಟು ತನ್ನ ಅಂಗೈ ಚಾಚಿದ.

"ಹೊಡೀರಿ. ತಪ್ಪು ಮಾಡಿದ್ದು ಇದ."

ಸುತ್ತಿಗೆ ಮೇಲೆದ್ದಿತು! ಹೊಳೆಯುವ ಬಾಗಿಲಿನಲ್ಲಿ ಅವಳಿಗೆ ತನ್ನ ಎತ್ತಿದ ಕೈ ಕಂಡಿತು. 'ಅಯ್ಯೋ... ನಿಶಾಂತನೂ ಹೀಗೇ ಎತ್ತುತ್ತಿದ್ದ.' ಸುತ್ತಿಗೆ ಕೈಬಿಟ್ಟು ಅವಳು ಅಳತೊಡಗಿದಳು.

"ಅಳಬ್ಯಾಡ್ರಿ. ನೆಗ್ಗು ನಾ ಬಡಿದು ತೆಗೆದಿಲ್ಲ, ಮ್ಯಾಲೆ ಕುಳಿ ತುಂಬೋ ಪುಟ್ಟಿ ಮೆತ್ತಿ ಬಣ್ಣ ಹೊಡದೇನಷ್ಟ. ಕೆರದ್ರ ಎಲ್ಲಾ ಬರ್ತಾವ."

ಕೆರೆದ. ಉಗುರು ಕಿತ್ತು ರಕ್ತ ಬಂದರೂ ಕೆರೆದ. ಸಂಜೆ ಹೊತ್ತಿಗೆ ಮೂರೂ ನೆಗ್ಗು ಮತ್ತೆ ಕಂಡವು. ಅವಳ ತಲೆ ಬಡಿದ ಜಾಗದಲ್ಲಿ ಅಂಗೈ ಇಟ್ಟು ಆ ಗಂಡಸು ಬಿಕ್ಕಿದ.

ಭಾನುವಾರ ಸಭಾಂಗಣ ತುಂಬಿತ್ತು. ಸುದ್ದಿ ಕೇಳಿ, ಅವಳು ಬಿಟ್ಟುಬಂದ ನಿಶಾಂತ ಒಳಗೆ ನುಗ್ಗಿದ.

"ಮಂದಿ ಮುಂದ ನನ್ನ ಮಾನ ಕಳೀತಿಯೇನೇ, ರಂಡೆ! ನಾ ಎಂದರ ಕೈ ಎತ್ತೇನೇನು?"

ಚಂದ್ರಾಮ ಮುನ್ನುಗ್ಗಿದ. ಶರ್ವರಿ ಅವನ ತೋಳು ಹಿಡಿದಳು. "ಬ್ಯಾಡ. ಬಾಗಿಲು ಮಾತಾಡ್ಲಿ."

"ಎಲ್ಲಾ ಸುಳ್ಳು!"

ಧಡ್!

ನಿಶಾಂತನ ಮುಷ್ಟಿ ಬಾಗಿಲಿಗೆ ಬಿತ್ತು. ಮೂರನೆಯ ನೆಗ್ಗಿನ ಪಕ್ಕದಲ್ಲೇ ನಾಲ್ಕನೆಯದು, ಅದೇ ಅಳತೆ, ಅದೇ ಆಳ! ಮಂದಿ ಬಾಗಿಲು ನೋಡಿದರು, ಆಮೇಲೆ ಅವನ ಕೈ ನೋಡಿದರು. ಅವನು ಕೈಯನ್ನು ಜೇಬಿಗೆ ತುರುಕಿದ. ಮಂದಿಯನ್ನು ತಳ್ಳಿಕೊಂಡು ಹೊರಟ.

ಚಂದ್ರಾಮ ಮೆಲ್ಲಗೆ ಕೇಳಿದ, "ಇದಕ್ಕ ಪುಟ್ಟಿ ಹಚ್ಚಲೇನ್ರಿ?"

"ಹಚ್ಚಿ ನೋಡು!" ಅಳುತ್ತಲೇ ನಕ್ಕ ಶರ್ವರಿ ಅವನ ಹುಬ್ಬಿನ ಗಾಯ ಮುಟ್ಟಿದಳು. "ಇದು ನಾ ಮಾಡಿದ್ದು... ಇನ್ನೆಂದೂ ನನ್ನ ಕೈ ಏಳಂಗಿಲ್ಲ, ಚಂದ್ರಾಮ."

"ನಂದೂ ಏಳಂಗಿಲ್ರಿ. ಜೀವ ಇರೂ ತನಕ... ನಿಮ್ಮ ಕೂಡ ಇರ್ಲೇನ್ರಿ?"

"ಇರು."

ಮೆಟ್ಟಿಲ ಮೇಲೆ ನಿಶಾಂತನ ಬೂಟಿನ ಸಪ್ಪಳ ಇಳಿದುಹೋಯಿತು. ಆ ಬೂಟು ಮತ್ತೆ ಹತ್ತಿ ಬರಲಿಲ್ಲ.