ಬೀಳದ ಕುದುರೆ

ಗಜೇಂದ್ರಗಡದಲ್ಲಿ ಅಪ್ಪನ ಕಾಲದಿಂದ ನಮ್ಮದು ವಾದ್ಯ ರಿಪೇರಿಯ ಅಂಗಡಿ. ಈ ಬೇಸಿಗೆಯಲ್ಲಿ ನರೇಗಲ್ಲಿನ ಮುತ್ತಣ್ಣ ಒಂದು ಹಳೆಯ ಗಿಟಾರ್ ತಂದ. ಪಿಟೀಲಿನ ಹಾಗೆ ಉಬ್ಬಿದ ಎದೆ, ದನಿ ಹೊರಡಲು ಎರಡೂ ಬದಿಗೆ ಉದ್ದನೆಯ ಸೀಳು.

“ನಮ್ಮ ಅಣ್ಣಂದ್ರಿ, ನಾಜಮೀನಕ್ಕ. ಆರ್ಕೆಸ್ಟ್ರಾದಾಗ ಬಾರಸ್ತಿದ್ದ. ಲಗೂ ಚಲೋ ಮಾಡಿ ಕೊಡ್ರಿ, ಗಿರಾಕಿ ಕಾಯಾಕತ್ತಾನ.”

ತಂತಿಗಳನ್ನು ಹೊರುವ ಮರದ ತುಂಡಿಗೆ ನಾವು ಕುದುರೆ ಎನ್ನುತ್ತೇವೆ. ಇಂಥ ಗಿಟಾರಿನಲ್ಲಿ ಅದನ್ನು ಅಂಟಿಸಿರುವುದಿಲ್ಲ. ತಂತಿಯ ಬಿಗಿತಕ್ಕೇ ನಿಂತಿರುತ್ತದೆ, ಬಿಚ್ಚಿದರೆ ಬೀಳುತ್ತದೆ. ನಾನು ಎಲ್ಲ ತಂತಿ ಬಿಚ್ಚಿದೆ. ಕುದುರೆ ಬೀಳಲಿಲ್ಲ.

ಯಾವನೋ ತಿಳಿಗೇಡಿ ಅಂಟು ಹಾಕಿದ್ದಾನೆಂದು ಬೈದುಕೊಂಡು ಅದರಡಿ ಕಾಗದ ತೂರಿಸಿದೆ. ಸರಾಗವಾಗಿ ಆಚೆ ಬಂತು. ಅಂಟಿರಲಿಲ್ಲ. ಆದರೂ ದೂಡಿದರೆ ಅಲುಗಲಿಲ್ಲ. ತಗಡಿನ ಕೆಳಗೆ ಮಟಮಟ ಮಧ್ಯಾಹ್ನ ನಾನು ಬೆವರುತ್ತಿದ್ದರೆ, ಗಿಟಾರಿನ ಕುತ್ತಿಗೆ ನೀರಿನ ಹರವಿಯ ಹಾಗೆ ತಣ್ಣಗಿತ್ತು. ಕಿವಿ ಹಚ್ಚಿದೆ. ಬಿಚ್ಚಿಟ್ಟ ದಪ್ಪ ತಂತಿಯ ದನಿ ಒಳಗೆ ಗುಂಯ್‌ಗುಡುತ್ತಿತ್ತು.

ಮುತ್ತಣ್ಣನಿಗೆ ಫೋನ್ ಮಾಡಿದೆ. “ನಿಮ್ಮ ಅಣ್ಣಾರ ತೀರ್ಕೊಂಡು ಎಷ್ಟ ದಿನಾ ಆತ್ರಿ?”

“ಇನ್ನೂ ಎಲ್ಲಿ ತೀರ್ಕೊಂಡಾನ್ರಿ? ದವಾಖಾನ್ಯಾಗ ಅದಾನ. ನನ್ನ ಗಿಟಾರ್ ಎಲ್ಲಿ ಅಂತ ಒಂದ ಸಮ ಕೇಳಾಕತ್ತಾನ. ರಿಪೇರಿಗೆ ಕೊಟ್ಟೇವಿ ಅಂತ ಹೇಳೇವಿ.”

ಅದೇ ವಾರ ಅವನ ಅಣ್ಣ ಸತ್ತ. ಮಣ್ಣು ಮಾಡಿ ಬಂದ ಮುತ್ತಣ್ಣ ಕೈ ತೊಳೆದಿದ್ದನೋ ಇಲ್ಲವೋ, ನನಗೆ ಫೋನ್ ಮಾಡಿದ. ಹಿಂದೆ ಹೆಂಗಸರ ಅಳು ಕೇಳುತ್ತಿತ್ತು.

“ಆತೇನ್ರಿ?”

ಇಲ್ಲವೆಂದೆ. ಗಿಟಾರ್ ಇವತ್ತಿಗೂ ನನ್ನ ಅಂಗಡಿಯಲ್ಲೇ ಇದೆ. ಮೇಲೆ ಒಂದೂ ತಂತಿಯಿಲ್ಲ. ಕುದುರೆ ನಿಂತೇ ಇದೆ.