ಡೀಲರ್ ಬದಲಾದ ಶುಕ್ರವಾರ

"ಈ ಕಪಿ ಕೈಯಿಂದ ಇವತ್ತು ಒಂದಾದ್ರೂ ಒಳ್ಳೆ ಎಲೆ ಬೀಳುತ್ತಾ ನೋಡೋಣ."

ಕಪಿ ಎಂದರೆ ನಾನೇ. ಇಸ್ಪೀಟು ಎಲೆ ಹಂಚುತ್ತಿದ್ದ ಡೀಲರ್ ನಾನು.

ಆ ಮಾತಾಡಿದವಳು ನನ್ನೆದುರು ಆರನೆಯ ಕುರ್ಚಿಯಲ್ಲಿ ಕೂತಿದ್ದಳು. ಸ್ಯಾನ್ ಮಟಿಯೋದ ಪೋಕರ್ ಕ್ಲಬ್ಬಿನಲ್ಲಿ ಕನ್ನಡ ಬಲ್ಲವರು ಯಾರಿರುತ್ತಾರೆ ಎಂಬ ಧೈರ್ಯ ಅವಳಿಗೆ. ನನ್ನ ಬ್ಯಾಡ್ಜಿನಲ್ಲಿ 'ಲೂ' ಎಂದಷ್ಟೇ ಇತ್ತು. ಹಾಸನದ ಲೋಹಿತ್ ಅದರಲ್ಲಿ ಕಾಣುತ್ತಿರಲಿಲ್ಲ. ಡೀಲರ್ ಆದವನು ನಗಬಾರದು. ತುಟಿ ಕಚ್ಚಿಕೊಂಡು, ಆಟದ ನಡುವೆ ಇಂಗ್ಲಿಷ್ ಮಾತ್ರ ಆಡಬೇಕು ಮೇಡಂ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಬೇರೆಯವರಿಗೆ ತಿಳಿಯದ ಭಾಷೆಯಲ್ಲಿ ಆಟಗಾರರು ಸುಳಿವು ಕೊಡಬಾರದೆಂದು ಕ್ಲಬ್ಬಿನ ನಿಯಮ.

ಬ್ರೇಕಿನಲ್ಲಿ ಕಾಫಿ ಮಷಿನ್ನಿನ ಹತ್ತಿರ ಅವಳ ಪಕ್ಕ ನಿಂತು, "ಎಲೆ ಇರೋದು ಕಟ್ಟಲ್ಲಿ ಮೇಡಂ. ಕಪಿದೇನೂ ತಪ್ಪಿಲ್ಲ" ಎಂದೆ.

ಅವಳ ಬೆರಳ ಮೇಲೆ ಕಾಫಿ ಚೆಲ್ಲಿತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ.

"ಎಷ್ಟು ಹೊತ್ತಿಂದ ಕೇಳಿಸ್ಕೊಳ್ತಿದ್ರಿ?"

"ಬೆಳಗ್ಗೆ ಹತ್ತರಿಂದ."

"ಅಂದ್ರೆ, ಕೋತಿ ಅಂದಿದ್ದೂ..."

"ಅದು ಹನ್ನೊಂದೂವರೆಗೆ. ಆಮೇಲೆ ಪ್ರಮೋಷನ್ ಕೊಟ್ಟು ಕಪಿ ಮಾಡಿದ್ರಿ."

ಅವಳು ಪೇಪರ್ ಕಪ್ಪಿನ ಹಿಂದೆ ಮುಖ ಮುಚ್ಚಿಕೊಂಡಳು. ಕಪ್ಪಿನ ಅಂಚಿನ ಮೇಲಿಂದ ಎರಡು ಕಣ್ಣು ಮಾತ್ರ ನನ್ನನ್ನು ಅಳೆದವು. ಅದು ಎರಡು ಸಾವಿರದ ಇಸವಿಯ ಫೆಬ್ರವರಿ ತಿಂಗಳು.

ಅವಳ ಹೆಸರು ವಾಣಿಶ್ರೀ. ಮಂಡ್ಯದವಳು. ಪ್ಲೆಸೆಂಟನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶಿವರಾತ್ರಿ ಜಾಗರಣೆಗೆ ನಿದ್ದೆ ಬಾರದಿರಲೆಂದು ಅಜ್ಜಿ ಗೌರಮ್ಮ ಕಲಿಸಿದ ಇಸ್ಪೀಟು ಅವಳನ್ನು ಇಲ್ಲಿಯ ತನಕ ತಂದಿತ್ತು. ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು. ಏಪ್ರಿಲ್‌ನಲ್ಲಿ ನಮ್ಮ ಕ್ಲಬ್ಬಿನ ಟೂರ್ನಮೆಂಟ್ ಸರಣಿ. ದಿನಕ್ಕೊಂದು ಆಟ, ಐದನೆಯ ದಿನ ಶುಕ್ರವಾರ ಒಂಬತ್ತು ಜನರ ಫೈನಲ್. "ಗೆದ್ರೆ ಕೆಲಸ ಬಿಟ್ಟು ಇದನ್ನೇ ಮಾಡ್ತೀನಿ. ಇಲ್ಲಾಂದ್ರೆ ಸೋಮವಾರ ಆಫೀಸಿಗೆ" ಎನ್ನುತ್ತಿದ್ದಳು. ಮಂಡ್ಯದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಕಥೆಯೂ ಅಷ್ಟೇ. ಊರಿಗೆ ಊರೇ ಕಂಪ್ಯೂಟರ್ ಮುಂದೆ ಕೂತಿದ್ದ ಕಾಲದಲ್ಲಿ ನಾನು ಹಸಿರು ಬಟ್ಟೆಯ ಮೇಲೆ ಎಲೆ ಹಂಚುತ್ತಿದ್ದೆ. ಅಕ್ಕ ಸತ್ಯವತಿ ಗೆಳತಿಯರಿಗೆ "ತಮ್ಮ ಕಾರ್ಡ್ಸ್ ಕಂಪನೀಲಿದ್ದಾನೆ" ಎನ್ನುತ್ತಿದ್ದಳು. ಅವರು ನೆಟ್‌ವರ್ಕ್ ಕಾರ್ಡ್ ಎಂದುಕೊಂಡು ಶೇರು ಎಷ್ಟಿದೆ ಎಂದು ಕೇಳುತ್ತಿದ್ದರು.

ಎರಡು ತಿಂಗಳು ನಮ್ಮ ಪರಿಚಯವೆಲ್ಲ ಹತ್ತು ನಿಮಿಷದ ಬ್ರೇಕುಗಳಲ್ಲೇ ನಡೆಯಿತು. ಹೊರಗೆ ಭೇಟಿಯಾದದ್ದು ಒಂದೇ ಸಲ, ಕಯೋಟಿ ಪಾಯಿಂಟಿನ ದಂಡೆಯಲ್ಲಿ. ಕೊಲ್ಲಿಯ ಮೇಲೆ ವಿಮಾನಗಳು ತಗ್ಗಿ ತಗ್ಗಿ ಇಳಿಯುತ್ತಿದ್ದವು. ಗಾಳಿಗೆ ಹಾರಿದ ಕೂದಲನ್ನು ಅವಳು ಕಿವಿಯ ಹಿಂದೆ ಸೇರಿಸುತ್ತಲೇ ಇದ್ದಳು.

"ನೀವ್ಯಾಕೆ ಯಾವಾಗ್ಲೂ ನನ್ನ ಕೈ ನೋಡ್ತೀರಿ?"

"ಕಸುಬು. ಡೀಲರ್‌ಗೆ ಎಲ್ಲರ ಕೈ ಮೇಲೂ ಕಣ್ಣಿರಬೇಕು."

"ಭಾನುವಾರಾನೂ?"

ಎಂಜಿನಿಯರ್ ಹುಡುಗಿಗೆ ಎಲೆ ಹಂಚುವವನು ಏನೆಂದು ಹೇಳುವುದು? ಇಳಿಯುತ್ತಿದ್ದ ವಿಮಾನವೊಂದನ್ನು ಅವಳಿಗೆ ತೋರಿಸಿದೆ.

ಸರಣಿ ಶುರುವಾಯಿತು. ಅವಳು ದಿನದಿಂದ ದಿನಕ್ಕೆ ಮೇಲೇರಿದಳು. ನನ್ನ ಊಟ ದಿನದಿಂದ ದಿನಕ್ಕೆ ಕಮ್ಮಿಯಾಯಿತು. ಗುರುವಾರ ಸಂಜೆ ಫೈನಲ್ಲಿನ ಒಂಬತ್ತು ಹೆಸರಿನ ಪಟ್ಟಿ ಗೋಡೆಗೆ ಅಂಟಿತು. ಏಳನೆಯದು ಅವಳದು.

ಶುಕ್ರವಾರ ಬೆಳಗ್ಗೆ ನಮ್ಮ ಮ್ಯಾನೇಜರ್ ಡೋಲೋರೆಸ್ ಡೀಲರುಗಳಿಗೆಲ್ಲ ಒಂದೊಂದು ಫಾರಂ ಕೊಟ್ಟಳು. ಫೈನಲ್ ಆಡುವವರಲ್ಲಿ ಯಾರೂ ನನಗೆ ಸಂಬಂಧಿಕರಲ್ಲ, ಆಪ್ತರಲ್ಲ ಎಂದು ಸಹಿ ಹಾಕಬೇಕು. ಉಳಿದವರು ಗೋಡೆಗೆ ಒತ್ತಿಟ್ಟು ಸಹಿ ಗೀಚಿ ಕೊಟ್ಟರು. ನನ್ನ ಪೆನ್ನು ಮೇಲೇಳಲಿಲ್ಲ.

ಸಹಿ ಹಾಕಿದರೆ ಸುಳ್ಳು. ಕಾಫಿ ಮಷಿನ್ನಿನ ಹತ್ತಿರ ನಮ್ಮನ್ನು ನೋಡದವರು ಯಾರು? ನಾಳೆ ಯಾರಾದರೂ ತಕರಾರು ತೆಗೆದರೆ ಅವಳ ಗೆಲುವು ಹೋಗುತ್ತದೆ, ಮೋಸಗಾತಿ ಎಂಬ ಹೆಸರು ಉಳಿಯುತ್ತದೆ. ಹಾಕದಿದ್ದರೆ ಕೆಳಗಿನ ಖಾಲಿ ಜಾಗ ತುಂಬಬೇಕು: ಆಟಗಾರರ ಹೆಸರೇನು, ಅವರು ನಿಮಗೆ ಏನಾಗಬೇಕು.

ಏನಾಗಬೇಕು? ನನಗೇ ಗೊತ್ತಿರಲಿಲ್ಲ. ಅವಳ ಹೆಸರು ಬರೆದು, ಹತ್ತು ನಿಮಿಷ ಬೆವರಿ ಕೆಳಗೆ ಎರಡು ಸಾಲು ಬರೆದೆ. 'ನಾನು ಅವಳನ್ನು ಪ್ರೀತಿಸುತ್ತೇನೆ. ಅವಳಿಗೆ ಗೊತ್ತಿಲ್ಲ.'

ಡೋಲೋರೆಸ್ ಓದಿ ಕನ್ನಡಕ ತೆಗೆದಳು. ಇಪ್ಪತ್ತು ವರ್ಷ ಈ ಕಸುಬು ಮಾಡಿದ ಹೆಂಗಸು.

"ಇದನ್ನ ಮೊದಲು ಅವಳಿಗೆ ಹೇಳಬಾರದಾಗಿತ್ತಾ?"

"ಧೈರ್ಯ ಬರಲಿಲ್ಲ."

"ಸರಿ. ನಿನ್ನ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ. ಇವತ್ತು ಆಟ ಮುಗಿಯೋ ತನಕ ಅವಳ ಜೊತೆ ಒಂದು ಮಾತೂ ಆಡಬೇಡ. ಆಡಿದ್ರೆ ನಿನ್ನ ಬ್ಯಾಡ್ಜ್ ಜೊತೆ ಅವಳ ಕುರ್ಚಿನೂ ಹೋಗುತ್ತೆ."

ಡೋಲೋರೆಸ್ ಅವಳ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದಳು. ವಾಣಿಶ್ರೀಯ ಹುಬ್ಬು ಗಂಟಿಕ್ಕಿತು. ಕೋಣೆಯ ಈ ತುದಿಯಲ್ಲಿ ನಿಂತಿದ್ದ ನನ್ನನ್ನು ಹುಡುಕಿ ನೋಡಿದಳು. ನಾಚಿಕೆಯಿರಲಿಲ್ಲ, ನಗುವಿರಲಿಲ್ಲ. ನಂಬಿದವರು ಕೈಕೊಟ್ಟಾಗ ನೋಡುವ ನೋಟ ಅದು.

ಎಲೆ ಬಿದ್ದವು. ಮೇಜಿನ ಸುತ್ತ ಕಟ್ಟಿದ್ದ ಹಗ್ಗದ ಹೊರಗೆ ನಿಂತು ನೋಡಿದೆ. ಮೂಲೆಯ ಟೀವಿಯಲ್ಲಿ ಶೇರುಪೇಟೆ ಕೆಂಪಗೆ ಕುಸಿಯುತ್ತಿತ್ತು. ಎರಡನೆಯ ಕುರ್ಚಿಯ ಸ್ಟಾರ್ಟಪ್ ಮಾಲೀಕ ಪ್ರತಿ ಸುತ್ತು ಮುಗಿದ ಕೂಡಲೇ ತಿರುಗಿ ತಿರುಗಿ ಅತ್ತ ನೋಡುತ್ತಿದ್ದ. ವಾಣಿಶ್ರೀ ಯಾವತ್ತೂ ಆಡದ ಹಾಗೆ ಆಡಿದಳು. ಬಿಡಬೇಕಾದ ಎಲೆ ಹಿಡಿದಳು, ಕಾಯಬೇಕಾದ ಕಡೆ ನುಗ್ಗಿದಳು. ಒಂದೂವರೆ ಗಂಟೆಯಲ್ಲಿ ಪಣಕ್ಕಿಡುವ ಚಿಪ್ಸ್ ಬಿಲ್ಲೆಗಳ ಅವಳ ಗೋಪುರ ಅರ್ಧಕ್ಕಿಳಿಯಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಬ್ರೇಕಾದ ಕೂಡಲೇ ಅವಳು ನೇರ ನನ್ನತ್ತ ಬಂದಳು.

"ನನ್ನ ವಿಷಯದಲ್ಲಿ ನಿಷ್ಪಕ್ಷಪಾತ ಆಗಿರಕ್ಕೆ ಆಗಲ್ಲ ಅಂತ ಬರ್ಕೊಟ್ರಂತೆ. ನನ್ನ ಆಟದ ಮೇಲೆ ಅನುಮಾನನಾ ನಿಮಗೆ?"

ನಾನು ತಲೆಯಾಡಿಸಲೂ ಹೆದರಿದೆ. ಸುತ್ತ ಇಪ್ಪತ್ತು ಕಣ್ಣುಗಳು.

"ಎರಡು ತಿಂಗಳು ಮಾತಾಡಿ ಇವತ್ತು ಬಾಯಿಗೆ ಬೀಗನಾ? ಏನು ತಪ್ಪು ಮಾಡಿದೆ, ಅಷ್ಟಾದ್ರೂ ಹೇಳಿ."

ತಿರುಗಿ ನಡೆದುಬಿಟ್ಟೆ. ಹಿಂದಿನಿಂದ ಒಂದು ಉಸಿರಿನ ಸದ್ದು ಕೇಳಿಸಿತು. ಅಳು ನುಂಗಿದ ಹಾಗೆ. ಅಷ್ಟು ದೂರದ ಹಾದಿಯನ್ನು ನಾನು ಆ ಕ್ಲಬ್ಬಿನಲ್ಲಿ ಯಾವತ್ತೂ ನಡೆದಿರಲಿಲ್ಲ.

ಡೋಲೋರೆಸಳ ಬಾಗಿಲು ತಟ್ಟಿದೆ. "ಅವಳಿಗೆ ಏನಂತ ಹೇಳಿದ್ರಿ?"

"ನಿನ್ನಿಂದ ಪಕ್ಷಪಾತ ಆಗಬಹುದು ಅಂತ. ಅಷ್ಟೇ. ಫೈನಲ್ ಆಡೋ ಹುಡುಗಿ ತಲೆಗೆ ಪ್ರೀತಿ ಗೀತಿ ಯಾಕೆ ತುಂಬಲಿ ಅಂತ ಬಿಟ್ಟೆ."

"ನಾನು ಅವಳ ಮೇಲೆ ಅನುಮಾನ ಪಟ್ಟೆ ಅಂದ್ಕೊಂಡಿದ್ದಾಳೆ. ಆ ಕೋಪದಲ್ಲೇ ಸೋಲ್ತಿದ್ದಾಳೆ. ದಯವಿಟ್ಟು ಅವಳಿಗೆ ಆ ಫಾರಂ ತೋರಿಸಿ."

"ಅವಳಿಗೆ ನೀನು ಬೇಡವಾಗಿದ್ದರೆ?"

ಆ ಪ್ರಶ್ನೆಯ ಭಯಕ್ಕೇ ನಾನು ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. "ಬೇಡ ಅನ್ನಲಿ. ಅವಮಾನ ಆಯ್ತು ಅಂದ್ಕೊಂಡು ಆಡೋದಕ್ಕಿಂತ ವಾಸಿ."

ಡೋಲೋರೆಸ್ ಡ್ರಾಯರ್ ಎಳೆದು ಫಾರಂ ತೆಗೆದು, ತಮ್ಮ ಬಗ್ಗೆ ಬರೆದದ್ದನ್ನು ಓದುವ ಹಕ್ಕು ಆಟಗಾರರಿಗಿದೆ ಎನ್ನುತ್ತ ಎದ್ದಳು.

ಗಾಜಿನ ಗೋಡೆಯ ಈಚೆಯಿಂದ ನೋಡಿದೆ. ವಾಣಿಶ್ರೀ ಹಾಳೆಯನ್ನು ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ನೀಟಾಗಿ ಮಡಚಿ ವಾಪಸ್ಸು ಕೊಟ್ಟು ಕುರ್ಚಿಗೆ ಹೋಗಿ ಕೂತಳು. ನನ್ನತ್ತ ತಿರುಗಲಿಲ್ಲ.

ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಒಮ್ಮೆಯೂ ತಿರುಗಲಿಲ್ಲ. ಆಟ ಮಾತ್ರ ಮರಳಿ ಬಂದಿತ್ತು. ಎರಡು ಸುತ್ತು ಬಿಟ್ಟು ಮೂರನೆಯದಕ್ಕೆ ಕಾದು, ಮಾತಿಲ್ಲದೆ ಚಿಪ್ಸು ಎಳೆದುಕೊಂಡಳು. ಸ್ಟಾರ್ಟಪ್ ಮಾಲೀಕ ಸೋತು ಸೆಲ್ ಫೋನ್ ಹಿಡಿದು ಹೊರಗೋಡಿದ. ಒಂಬತ್ತು ಆರಾಯಿತು, ಆರು ಮೂರಾಯಿತು. ಅವಳ ಆಟ ನೋಡಿ ಸಂತೋಷ, ಅವಳ ಮೌನ ನೋಡಿ ಸಂಕಟ. ಎರಡರ ನಡುವೆ ನನ್ನ ಉಗುರುಗಳು ಮುಗಿದಿದ್ದವು. ಬೇಡ ಎನ್ನಲು ಒಳ್ಳೆಯ ಮಾತು ಹುಡುಕುತ್ತಿದ್ದಾಳೆ ಎಂದು ತೀರ್ಮಾನಿಸಿಕೊಂಡಿದ್ದೆ.

ಮೂರೂಕಾಲಿಗೆ ಅವಳು ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದಳು. ಕೈಯಲ್ಲಿ ಎರಡು ರಾಣಿ. ಎದುರಿನ ಬಿಳಿ ಗಡ್ಡದ ಮುದುಕನ ಕೈಯಲ್ಲಿ ಒಂದು ಎಕ್ಕ, ಒಂದು ಹತ್ತು. ಮೇಜಿನ ಮೇಲೆ ಬೀಳಬೇಕಾದ ಐದು ಎಲೆಗಳಲ್ಲಿ ನಾಲ್ಕು ಬಿದ್ದವು. ಅವಳೇ ಮುಂದಿದ್ದಳು. ನಾನು ಹಗ್ಗ ಹಿಡಿದುಕೊಂಡೆ.

ಐದನೆಯದು ಎಕ್ಕ. ಮುದುಕನ ಜೋಡಿ ಎಕ್ಕ ಅವಳ ಜೋಡಿ ರಾಣಿಯನ್ನು ಮೀರಿಸಿತು.

ಅವಳು ಒಂದು ಗಳಿಗೆ ಆ ಎಲೆಯನ್ನೇ ನೋಡಿದಳು. ಎದ್ದು ಮುದುಕನ ಕೈ ಕುಲುಕಿದಳು. ಮೂರನೆಯ ಸ್ಥಾನ ಎಂದು ಮೈಕಿನಲ್ಲಿ ಕೂಗಿದರು, ಜನ ಚಪ್ಪಾಳೆ ತಟ್ಟಿದರು. ಡೋಲೋರೆಸ್ ನನಗೆ ಸನ್ನೆ ಮಾಡಿದಳು: ಇನ್ನು ಮಾತಾಡಬಹುದು.

ಅವಳೇ ಬಂದು ಎದುರು ನಿಂತಳು.

"ಫಾರಂ ಓದಿದೆ."

"ನೋಡಿದೆ."

"ಅದರಲ್ಲೊಂದು ಸುಳ್ಳಿದೆ. ಸುಳ್ಳು ಬರ್ಕೊಟ್ಟಿದ್ದಕ್ಕೆ ನಿಮ್ಮ ಬ್ಯಾಡ್ಜ್ ಕಿತ್ಕೋಬೇಕು."

"ಯಾವುದು ಸುಳ್ಳು?"

"'ಅವಳಿಗೆ ಗೊತ್ತಿಲ್ಲ' ಅಂತ ಬರೆದಿದ್ದೀರಲ್ಲ, ಅದು. ನಾನು ಕೈ ವಿಷಯ ಕೇಳಿದ್ರೆ ನೀವು ವಿಮಾನ ತೋರಿಸಿದ್ರಲ್ಲ, ಅವತ್ತೇ ಗೊತ್ತಾಯ್ತು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಆರು ವಾರ ಕಾದೆ. ಆ ಮಷಿನ್ ಕಾಫಿ ಕುಡಿದೂ ಕುಡಿದೂ ಆಸಿಡಿಟಿ ಬಂತು."

"ಮತ್ತೆ ಎರಡು ಗಂಟೆ ಒಂದ್ಸಲಾನೂ ಈ ಕಡೆ ನೋಡಲಿಲ್ಲ."

"ನೋಡಿದ್ರೆ ನಕ್ಕುಬಿಡ್ತಿದ್ದೆ. ಆ ಟೇಬಲ್ಲಲ್ಲಿ ಕೂತು ನಗೋದು ಅಂದ್ರೆ ಎಲೆ ತಿರುಗಿಸಿ ತೋರಿಸಿದ ಹಾಗೆ."

ಹೇಳುತ್ತ ಈಗ ನಕ್ಕಳು. ನಗುತ್ತಿದ್ದಂತೆ ಕಣ್ಣು ತುಂಬಿಕೊಂಡಿತು. "ಐದನೇ ಎಲೆ, ಲೋಹಿತ್. ಒಂದೇ ಎಲೆ."

"ಸರಿಯಾಗೇ ಆಡಿದ್ರಿ. ಎರಡು ರಾಣಿ ಇಟ್ಕೊಂಡು ಯಾರೂ ಬಿಡಲ್ಲ."

"ಗೆದ್ರೆ ಅಂತ ಅಂದಿದ್ದೆ. ಗೆಲ್ಲಲಿಲ್ಲ. ಸೋಮವಾರ ಆಫೀಸಿಗೆ ಹೋಗ್ತೀನಿ." ಅಂಗೈಯಿಂದ ಕಣ್ಣೊರೆಸಿಕೊಂಡಳು. "ಮುಂದಿನ ವರ್ಷ ಮತ್ತೆ ರಜೆ ಕೇಳ್ತೀನಿ. ಅದಿರಲಿ. ಹಾಳೆ ಮೇಲೆ ಬರೆದಿದ್ದನ್ನ ಬಾಯಲ್ಲೂ ಒಂದ್ಸಲ ಹೇಳಿ."

ಹೇಳಿದೆ. ಎಷ್ಟು ತಡವರಿಸಿದೆ ಎಂದರೆ ಪಕ್ಕದಲ್ಲಿದ್ದವರು ಏನೋ ಕೆಟ್ಟ ಸುದ್ದಿ ಎಂದುಕೊಂಡಿರಬೇಕು.

"ನಾನೂ" ಎಂದಳು ಅವಳು, ನೆಲ ನೋಡುತ್ತ. ಅಷ್ಟು ಹೊತ್ತು ಕಾಣದಿದ್ದ ನಾಚಿಕೆ ಈಗ ಬಂದಿತ್ತು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಫ್ರೀವೇ ಆಗಲೇ ಜಾಮಾಗಿತ್ತು. ಪಾರ್ಕಿಂಗ್ ಲಾಟಿನಲ್ಲಿ ಅವಳು ಕಾರಿನ ಕೀ ನನ್ನತ್ತ ಚಾಚಿದಳು. "ನೀವೇ ಓಡಿಸಿ. ನನ್ನ ಕೈ ನಡುಗ್ತಿದೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಒಳಗೆ ಕೂತು ಕೀ ತೂರಿಸಹೋದೆ. ಎರಡು ಸಲ ತಪ್ಪಿತು. ನನ್ನ ಕೈಯೂ ನಡುಗುತ್ತಿತ್ತು. ಅವಳು ತನ್ನ ಕೈಯನ್ನು ನನ್ನ ಕೈ ಮೇಲಿಟ್ಟಳು. ಎರಡರ ನಡುಕವೂ ನಿಲ್ಲುವ ತನಕ ನಾವು ಹಾಗೇ ಕೂತಿದ್ದೆವು.